ಅಂಗಡಿ ಕಟ್ಟೆಯಿಂದ: ಪುಕ್ಕಟೆ ಅಕ್ಕಿಯ ಪೂರ್ವಕಥೆ

"ಪುಕ್ಕಟೆ ಅಕ್ಕಿ ಕೊಟ್ಟು ಸರ್ಕಾರ ಜನರನ್ನು ಸೋಮಾರಿಗಳನ್ನಾಗಿ ಮಾಡಿತು, ನಮ್ಮ ವ್ಯಾಪಾರವನ್ನೂ ಕೆಡಿಸಿತು." ಈ ಮಾತು ಕೇಳಿಬರದ ಮದುವೆ ಮನೆಯೇ ನಮ್ಮವರಲ್ಲಿ ಇಲ್ಲ. ನಲ್ಲಂಪಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ನಮಗೂ ಅಕ್ಕಿ ಮೂಟೆಯ ಮಾರಾಟ ಇಳಿದದ್ದು ಗೊತ್ತು. ಆದರೆ ಈ ಪಡಿತರ ಯಾವಾಗ ಬಂತು, ಏಕೆ ಬಂತು ಎಂಬುದನ್ನು ವ್ಯಾಪಾರಸ್ಥರಾದ ನಾವು ತಿಳಿದಿರಬೇಡವೇ? ಸುಖವಾಗಿದ್ದ ಕಾಲದಲ್ಲಿ ಉಗ್ರಾಣದ ಬಾಗಿಲು ತೆರೆದ ಸರ್ಕಾರಗಳು ಬಹಳ ಕಡಿಮೆ.

ನಮ್ಮ ಸೀಮೆಯ ಹಿರಿಯರು ಧಾತು ವರುಷದ ಬರ ಎನ್ನುತ್ತಿದ್ದುದು 1876–78ರ ಮಹಾಕ್ಷಾಮವನ್ನು. ಆಗ ಧರ್ಮಪುರಿ ಸೇಲಂ ಜಿಲ್ಲೆಗೆ ಸೇರಿತ್ತು. ಮದರಾಸು ಪ್ರಾಂತ್ಯ, ಮೈಸೂರು ಸಂಸ್ಥಾನ ಎರಡೂ ಬೆಂದುಹೋದವು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬುದು ಆಗಿನ ಭಾರತ ಸರ್ಕಾರದ ಹಟ. ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕ್ ಧಾನ್ಯ ಕೊಂಡು ತರಿಸಿದ್ದನ್ನೇ ಅದು ತಪ್ಪೆಂದಿತು. 1877ರಲ್ಲಿ ಖರ್ಚು ತಗ್ಗಿಸಲು ಸರ್ ರಿಚರ್ಡ್ ಟೆಂಪಲ್ ಬಂದರು. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಗಾಸು ಸಾಕೆಂದು ಗೊತ್ತುಮಾಡಿದರು. ತಕ್ಕಡಿ ಹಿಡಿದವರಿಗೆ ಹೇಳಬೇಕಾಗಿಲ್ಲ, ಒಂದು ಪೌಂಡೆಂದರೆ ಅರ್ಧ ಕಿಲೋ ಸಹ ಆಗುವುದಿಲ್ಲ. ಅದನ್ನು ಉಂಡು ದಿನವಿಡೀ ಕಲ್ಲು ಒಡೆಯಬೇಕು! ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಸಾವಿನ ಕೂಲಿ ಎಂಬಂತೆ ವಾದ ಹೂಡಿದರು.

ಆಗ ರೈಲಿತ್ತು, ಬೇರೆ ಕಡೆಯ ಧಾನ್ಯ ಬರುತ್ತಲೂ ಇತ್ತು. ಕೊಳ್ಳುವವನ ಕೈಯಲ್ಲಿ ಕಾಸಿರಲಿಲ್ಲ. ಸತ್ತವರ ಲೆಕ್ಕ ಲಕ್ಷಗಳನ್ನು ದಾಟಿದ ಮೇಲೆ ಸ್ಟ್ರೇಚಿಯವರ ಕ್ಷಾಮ ಆಯೋಗ ನೇಮಕವಾಯಿತು. 1880ರಲ್ಲಿ ವರದಿ ಬಂತು, 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂತು. ಯಾವ ಲಕ್ಷಣ ಕಂಡಾಗ ಕಾಮಗಾರಿ ತೆರೆಯಬೇಕು, ಕೂಲಿ ಎಷ್ಟು, ದುಡಿಯಲಾಗದವರಿಗೆ ಏನು ಎಂಬುದೆಲ್ಲ ಬರ ಬರುವ ಮೊದಲೇ ಬರೆದಿಟ್ಟದ್ದು ಅಂದಿನಿಂದ. ಅದಕ್ಕೆ ಮುಂಚೆ ಎಲ್ಲವೂ ಆಯಾ ಕಾಲದ ಅಧಿಕಾರಿಯ ಮರ್ಜಿಯಂತೆ ನಡೆಯುತ್ತಿತ್ತು.

ಇನ್ನು ರೇಷನ್ನಿನ ಕಥೆ. 1943ರ ಬಂಗಾಳದ ಕ್ಷಾಮದ ಕಾಲದಲ್ಲಿ ಪಟ್ಟಣಗಳಿಗೆ ಪಡಿತರ ಬಂತು. ಯುದ್ಧ ಮುಗಿದರೂ ಕಂಟ್ರೋಲು ಮುಗಿಯಲಿಲ್ಲ. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಅದನ್ನು ಎತ್ತಿಹಾಕಿದರು. ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರೂ ಆಗಿದ್ದವರು ಅವರು. ನಮ್ಮ ಕಡೆಯ ವ್ಯಾಪಾರಸ್ಥರಿಗೆ ಆದ ಹರ್ಷವನ್ನು ನಮ್ಮ ತಂದೆಯವರು ಬಹಳ ಕಾಲ ಹೇಳುತ್ತಿದ್ದರು. ಆದರೆ ಹತ್ತು-ಹನ್ನೆರಡು ವರ್ಷಗಳಲ್ಲಿ ಮತ್ತೆ ಅಭಾವ. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು, ಅದರ ಮೊದಲ ಜಿಲ್ಲಾ ಕಚೇರಿ ತಂಜಾವೂರಿನಲ್ಲಿ. 1967ರ ಚುನಾವಣೆಯಲ್ಲಿ ಅಣ್ಣಾದುರೈಯವರ ಪಕ್ಷ ರೂಪಾಯಿಗೆ ಮೂರು ಪಡಿ ಅಕ್ಕಿ ಎಂದಿತು. ಗೆದ್ದ ಮೇಲೆ ಮದರಾಸು, ಕೊಯಮತ್ತೂರುಗಳಲ್ಲಿ ಒಂದು ಪಡಿ ಕೊಡಲು ಸಾಧ್ಯವಾಯಿತು. 1972ರಲ್ಲಿ ರಾಜ್ಯದ ನಾಗರಿಕ ಸರಬರಾಜು ನಿಗಮ ಬಂತು. ಮೂರು ಪಡಿ ಬರಲಿಲ್ಲವೆಂದು ನಕ್ಕವರು ಹೋದರು, ನಿಗಮ ಉಳಿಯಿತು.

ಎಲ್ಲ ಸಂಕಟವೂ ಹೀಗೆ ಕೊಡುವ ಕೈಯನ್ನು ಉದ್ದ ಮಾಡುವುದಿಲ್ಲ. ಹಸಿವಿನ ಸಂಕಟ ಒಂದು ಬಗೆ, ಬೊಕ್ಕಸದ ಸಂಕಟ ಇನ್ನೊಂದು ಬಗೆ. 1991ರಲ್ಲಿ ದೇಶ ಚಿನ್ನ ಅಡವಿಡುವ ಸ್ಥಿತಿಗೆ ಬಂದ ಮೇಲೆ ಸಬ್ಸಿಡಿ ಮೊಟಕು ಮಾಡುವ ಮಾತೇ ಮಾತು. 1997ರಲ್ಲಿ ಪಡಿತರದಾರರನ್ನು ಬಡತನದ ರೇಖೆಯ ಕೆಳಗಿನವರು, ಮೇಲಿನವರು ಎಂದು ಒಡೆದರು. ತಮಿಳುನಾಡು ಮಾತ್ರ ಎಲ್ಲರಿಗೂ ಕಾರ್ಡು ಎಂಬ ಪದ್ಧತಿಯನ್ನು ಬಿಡಲಿಲ್ಲ. ಬೇಕಾದವರು ಅಕ್ಕಿ ಕಾರ್ಡು ತೆಗೆದುಕೊಳ್ಳಲಿ, ಕೆಲವರು ಸಕ್ಕರೆ ಕಾರ್ಡು, ಏನೂ ಬೇಡದವರಿಗೆ ಅದಕ್ಕೂ ಒಂದು ಕಾರ್ಡು. ದುಂದು ಎಂದು ನಾವೂ ಬಹುಕಾಲ ಗೊಣಗಿದವರೇ. ಇತ್ತ 2001ರಲ್ಲಿ ಕೇಂದ್ರದ ಗೋದಾಮುಗಳಲ್ಲಿ 5 ಕೋಟಿ ಟನ್ನಿಗೂ ಮೀರಿ ಧಾನ್ಯ ತುಂಬಿ, ಹೊರಗೆ ಹಸಿವಿನ ಸಾವುಗಳ ಸುದ್ದಿ ಬಂದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಾರಿ ಸವೆದು 2013ರ ಆಹಾರ ಭದ್ರತಾ ಕಾಯಿದೆಗೆ ಮುಟ್ಟಿತು.

ಎಲ್ಲರ ಪಟ್ಟಿ ಕೈಯಲ್ಲಿರುವುದರ ಬೆಲೆ 2020ರ ಕೊರೋನಾ ಕಾಲದಲ್ಲಿ ತಿಳಿಯಿತು. ಮಾರ್ಚಿ ಕೊನೆಗೆ ಬಾಗಿಲು ಹಾಕಿಸಿದರು. ಏಪ್ರಿಲಿನಲ್ಲಿಯೇ ನಮ್ಮ ರಾಜ್ಯದ 2 ಕೋಟಿ ಅಕ್ಕಿ ಕಾರ್ಡುಗಳಿಗೆ ತಲಾ 1000 ರೂಪಾಯಿ, ಜೊತೆಗೆ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಬಿಟ್ಟಿಯಾಗಿ ದೊರೆತವು. ಅಂಗಡಿ ಇತ್ತು, ಪುಸ್ತಕ ಇತ್ತು, ತೂಗುವವನಿದ್ದ. ಹೊಸದಾಗಿ ಬಡವರನ್ನು ಹುಡುಕುತ್ತ ಹೊರಡಬೇಕಾಗಿರಲಿಲ್ಲ. ನಮ್ಮ ಉದ್ರಿ ಪುಸ್ತಕ ನೋಡಿದರೆ ಆ ತಿಂಗಳುಗಳಲ್ಲಿ ಸಾಲ ಬೆಳೆದದ್ದು ಕೂಲಿಯವರದಲ್ಲ. ಬಟ್ಟೆ, ಪಾತ್ರೆ, ಬಳೆ ಅಂಗಡಿ ಮುಚ್ಚಿ ಕುಳಿತ ಸಣ್ಣ ವ್ಯಾಪಾರಸ್ಥರದು! ಅವರಲ್ಲಿ ಕೆಲವರ ಬಳಿ ಇದ್ದುದು ಏನೂ ಬೇಡದ ಕಾರ್ಡು. ಬಾಡಿಗೆ ಕಟ್ಟಬೇಕು, ಒಳಗೆ ಕಾಸಿಲ್ಲ, ಕೇಳಲು ಮಾನ ಅಡ್ಡ. ನಮ್ಮ ಸಮಾಜದ ಮನೆಗಳೂ ಅದರಲ್ಲಿದ್ದವು ಎಂಬುದನ್ನು ಈ ಪತ್ರಿಕೆಯಲ್ಲಲ್ಲದೆ ಇನ್ನೆಲ್ಲಿ ಹೇಳೋಣ?

ಅವರಿಗಿಂತ ಕಷ್ಟಪಟ್ಟವರು ಉತ್ತರದ ರಾಜ್ಯಗಳಿಂದ ಬಂದ ಕೂಲಿಕಾರರು. ಅವರ ಕಾರ್ಡು ಊರಿನಲ್ಲಿ, ಹೊಟ್ಟೆ ಇಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ತಮಿಳುನಾಡು 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಗೆ ಸೇರಿತು. ಉಳಿದ ರಾಜ್ಯಗಳೂ ಸೇರಲೇಬೇಕೆಂದು 2021ರ ಜೂನ್ 29ರಂದು ಸುಪ್ರೀಂ ಕೋರ್ಟು ಗಡುವು ಕೊಟ್ಟಿತು. ಕೂಲಿಕಾರರು ಊರು ಬಿಟ್ಟು ದುಡಿಯಹೋಗುವುದು ನಿನ್ನೆ ಮೊನ್ನೆಯದೇ? ಆದರೂ ಹೆದ್ದಾರಿಯಲ್ಲಿ ಅವರು ನಡೆಯುವುದನ್ನು ದೇಶವೆಲ್ಲ ನೋಡುವ ತನಕ ಅದಕ್ಕೆ ಅವಸರ ಹುಟ್ಟಲಿಲ್ಲ.

ಸಂಕಟವೇ ಬಾರದೆ ಬಂದದ್ದೊಂದು ನಮ್ಮ ಜಿಲ್ಲೆಯಲ್ಲಿದೆ. 2023ರಲ್ಲಿ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ 2 ಕಿಲೋ ಅಕ್ಕಿಯ ಬದಲು 2 ಕಿಲೋ ರಾಗಿ ಕೊಡುವ ಯೋಜನೆ ಆರಂಭವಾಯಿತು. ಇಲ್ಲಿನ ರೈತರಿಂದಲೇ ರಾಗಿ ಖರೀದಿ. ಮುದ್ದೆ ಮರೆತಿದ್ದ ಮನೆಗಳಲ್ಲಿ ಈಗ ಮಕ್ಕಳು ಮುಖ ಸಿಂಡರಿಸುತ್ತಾರಂತೆ, ಅಜ್ಜಿಯರಿಗೆ ಮಾತ್ರ ಸಂತೋಷ. ನಮ್ಮ ಅಂಗಡಿಯಲ್ಲಿ ರಾಗಿ ಹಿಟ್ಟಿನ ಮಾರಾಟ ಸ್ವಲ್ಪ ಇಳಿಯಿತು, ಮುದ್ದೆಗೆ ಬೇಕಾದ ಹುರುಳಿ, ಅವರೆಬೇಳೆಯ ಮಾರಾಟ ಏರಿತು.