ಸಿಸ್ಟರಿಗೆ ಸೈನ್ಸ್ ಯಾಕೆ ಬೇಕು?

"ನರ್ಸಿಗೆ ಎಂಥಾ ಸೈನ್ಸು ಸ್ವಾಮಿ? ಡಾಕ್ಟ್ರು ಬರೆದ ಸೂಜಿ ಚುಚ್ಚಿದರೆ ಆಯ್ತಲ್ಲ!" ಕಡೂರು, ತರೀಕೆರೆ, ಅಜ್ಜಂಪುರ ಎಲ್ಲಿ ಹೋದರೂ ಮಗಳನ್ನು ನರ್ಸಿಂಗಿಗೆ ಸೇರಿಸುವ ಮಾತು ಬಂದಾಗ ಹೀಗನ್ನುವವರಿದ್ದಾರೆ. ಇದು ಅಪಾಯದ ಮಾತು.

ತೋಟದಲ್ಲೋ ಹೊಲದಲ್ಲೋ ಒಬ್ಬನಿಗೆ ಕೊಳಕುಮಂಡಲ ಕಚ್ಚಿತು ಅನ್ನಿ. ಅದರ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಅದನ್ನು ಪತ್ತೆ ಹಚ್ಚಲು ದೊಡ್ಡ ಮೆಷೀನು ಬೇಡ. ಹೊಸ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಂದು ಸಲ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಆದರೆ ನಳಿಕೆ ಪ್ಲಾಸ್ಟಿಕ್ಕಿನದಾದರೆ, ಸೋಪಿನಪುಡಿ ಹಾಕಿ ತೊಳೆದದ್ದಾದರೆ, ಪರೀಕ್ಷೆಯೇ ದಾರಿ ತಪ್ಪಿಸುತ್ತದೆ. ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದೇ ಆ ಗಾಜು. ಇದು ತಿಳಿದ ಸಿಸ್ಟರ್ ಕೈಗೆ ಸಿಕ್ಕ ಬಾಟ್ಲಿ ಹಿಡಿಯೋದಿಲ್ಲ.

ಅಂಗಡಿಯವರಿಗೆ ತೂಕದ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಒಂದು ಮಿ.ಲೀ.ಗೆ 40 ಯೂನಿಟ್ ಇರುವುದೂ ಉಂಟು, 100 ಇರುವುದೂ ಉಂಟು. ಎರಡಕ್ಕೂ ಸಿರಿಂಜು ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್! ಸಕ್ಕರೆ ಅಂಶ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು, ಪ್ರಾಣವೇ ಹೋಗಬಹುದು. ಡಾಕ್ಟರು ಚೀಟಿಯಲ್ಲಿ 20 ಎಂದೇ ಬರೆದಿರುತ್ತಾರೆ. ತಪ್ಪು ಹಿಡಿಯಬೇಕಾದವಳು ಸೂಜಿ ಹಿಡಿದವಳೇ.

ಈಗಿನ ನಿಯಮ ಹೇಗಿದೆ? ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಲೇಬೇಕು. ಮೂರು ವರ್ಷದ ಜನರಲ್ ನರ್ಸಿಂಗಿಗೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಈ ಬಾಗಿಲು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಬಡವರ ಮನೆ ಹೆಣ್ಣುಮಕ್ಕಳು ಅನ್ನ ಕಂಡದ್ದೇ ಇದರಿಂದ. ಆದರೆ ಇತಿಹಾಸ ಓದಿ ಬಂದ ಹುಡುಗಿಯ ಮುಂದೆ ಮೊದಲ ವರ್ಷವೇ ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಇಟ್ಟರೆ ಆಕೆ ಏನು ಮಾಡಬೇಕು? ಗಿಳಿಪಾಠ ಒಪ್ಪಿಸಿ ಪಾಸಾಗುತ್ತಾಳೆ. ವಾರ್ಡಿನಲ್ಲಿ ಗಿಳಿಪಾಠ ನಡೆಯೋದಿಲ್ಲ.

ಅಂಥವರಿಗೆ ಮೊದಲ ಮೂರು ತಿಂಗಳು ಕನ್ನಡದಲ್ಲೇ ವಿಜ್ಞಾನದ ತಳಪಾಯ ಹಾಕಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ವೈದ್ಯರು ಸಿಸ್ಟರುಗಳ ಜೊತೆ ಕೂತು ಔಷಧದ ಲೆಕ್ಕ, ಯಾಕೆ, ಹೇಗೆ ಎಂಬುದನ್ನು ಮಾತಾಡಲಿ. ಅಪ್ಪ ಅಮ್ಮಂದಿರೂ ಅಷ್ಟೇ: ಫೀಜು ಎಷ್ಟು ಎಂದು ಕೇಳುವ ಮೊದಲು ಲ್ಯಾಬ್ ಇದೆಯಾ, ಮಕ್ಕಳನ್ನು ಯಾವ ಆಸ್ಪತ್ರೆಗೆ ಕಲಿಯಲು ಕಳಿಸುತ್ತೀರಿ ಎಂದು ಕೇಳಿ.

ರಾತ್ರಿ ಎರಡು ಗಂಟೆಗೆ ನಮ್ಮ ಮಂಚದ ಪಕ್ಕ ನಿಲ್ಲುವವಳು ಸಿಸ್ಟರ್. ಆ ಹೊತ್ತಿಗೆ ಅವಳ ತಿಳಿವಳಿಕೆಯೇ ನಮ್ಮ ಆಯುಷ್ಯ.