ವೇಗದ ಉಡುಗೊರೆಯಲ್ಲಿ ಸಿಗುವುದೇನು?

ಅಮೆರಿಕದಲ್ಲಿ ಹುಟ್ಟುಹಬ್ಬಕ್ಕೆ ಗಡಿಯಾರದ ಬದಲು ಸ್ಟಾಕ್ ಕಾರ್ (ಮಾಮೂಲಿ ಕಾರನ್ನು ಹೋಲುವ ರೇಸ್ ಕಾರು) ಓಡಿಸುವ ಅವಕಾಶವನ್ನೇ ಉಡುಗೊರೆ ಕೊಡುವವರಿದ್ದಾರೆ. ಸ್ಟಾಕ್ ಕಾರ್ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆಯ ಪಂದ್ಯಗಳು ನಡೆಯುವ ಷಾರ್ಲಟ್‌ನಂಥ ಟ್ರ್ಯಾಕ್‌ನಲ್ಲಿ ಕೆಲವು ಸುತ್ತು, ಅಷ್ಟೇ. ಮಾರಾಟಕ್ಕಿರುವುದು ವೇಗ, ಕೈಗೆ ಸಿಗುವುದು ಮಾತ್ರ ಶಿಸ್ತು ಎಂಬುದು ನನ್ನ ವಾದ. ರೇಸಿನ ಸ್ಟಾಕ್ ಕಾರಿಗೆ ತೆರೆಯುವ ಬಾಗಿಲಿಲ್ಲ, ಕಿಟಕಿಯಲ್ಲಿ ಕಾಲು ತೂರಿಸಿ ಒಳಗಿಳಿಯಬೇಕು. ಕಳಚಿಟ್ಟಿದ್ದ ಸ್ಟಿಯರಿಂಗನ್ನು ಕೂತ ಮೇಲೆ ಸಿಕ್ಕಿಸಿಕೊಳ್ಳಬೇಕು. ಸ್ಪೀಡೋಮೀಟರ್ ಇಲ್ಲ, ಕಣ್ಣಿಡಬೇಕಾದದ್ದು ಇಂಜಿನ್ ಸುತ್ತುವ ಲೆಕ್ಕದ ಮೇಲೆ. ಸುಮಾರು 2.4 ಕಿ.ಮೀ. ಉದ್ದದ ಷಾರ್ಲಟ್ ಟ್ರ್ಯಾಕ್‌ನ ತಿರುವುಗಳು 24 ಡಿಗ್ರಿ ವಾಲಿವೆ. ಅಲ್ಲಿ ತರಬೇತುದಾರ ಹೇಳಿದ ಮಾತು ಕೇಳದೆ ಗತ್ಯಂತರವಿಲ್ಲ.

ಇಂಥ ಉಡುಗೊರೆ ರಸ್ತೆಯ ಹುಚ್ಚು ವೇಗಕ್ಕೆ ಕುಮ್ಮಕ್ಕು ಎನ್ನುವವರಿದ್ದಾರೆ. ಆತಂಕ ಸುಳ್ಳಲ್ಲ. ಆದರೆ ಟ್ರ್ಯಾಕ್‌ನಲ್ಲಿ ಎದುರು ವಾಹನವಿಲ್ಲ, ಅಡ್ಡ ಬರುವ ಮಗುವಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಅಷ್ಟಿದ್ದೂ ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಭುಜ ಬಿಗಿಯುವ ಬೆಲ್ಟು ಬೇಕು. 2001ರಲ್ಲಿ ಡೇಟೋನಾದ ರೇಸಿನಲ್ಲಿ ಖ್ಯಾತ ಚಾಲಕ ಡೇಲ್ ಅರ್ನ್‌ಹಾರ್ಟ್‌ ಸತ್ತ ಮೇಲೆ, ಅದೇ ವರ್ಷ ತಲೆ-ಕತ್ತು ಕಾಯುವ ಸಾಧನವನ್ನು ನಾಸ್ಕಾರ್ ಕಡ್ಡಾಯ ಮಾಡಿತು. ನುರಿತವನಿಗೇ ಇಷ್ಟು ರಕ್ಷಣೆ ಬೇಕೆಂದು ಕಂಡವನು ಹೆದ್ದಾರಿಯಲ್ಲಿ ಬೀಗುವುದು ಕಷ್ಟ. ಮೋಜಿಗಾಗಿ ಪೆಟ್ರೋಲ್ ಸುಡುವುದೇಕೆ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ಕೊಡುವವರು ಒಂದನ್ನು ವಿಚಾರಿಸಿಕೊಳ್ಳಿ: ಟಿಕೆಟ್ಟು ಸ್ವತಃ ಓಡಿಸುವುದಕ್ಕೋ, ಪಕ್ಕದಲ್ಲಿ ಕೂರುವುದಕ್ಕೋ? ಪಕ್ಕದ ಸೀಟಾದರೆ ಈ ವಾದವೆಲ್ಲ ಅದಕ್ಕೆ ಸಲ್ಲದು.