ಬೀಡಿ ಬಿಟ್ಟ ಮೇಲೆ ಓಡ್ತೀನಿ ಅನ್ನೋರಿಗೆ

ಓಡೋದು ಅಂದರೆ ನೌಕರಿಗೆ ಅಂತ ನಮ್ಮ ಹಳ್ಳಿಗಳಲ್ಲಿ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೇವೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆನ್ನುವ ಹುಡುಗ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅದಕ್ಕೆ ನಸುಕಿನಲ್ಲೇ ಎದ್ದು ಓಡುತ್ತಾನೆ, ಅವನನ್ನು ನೋಡಿ ಯಾರೂ ನಗುವುದಿಲ್ಲ. ನಲವತ್ತರ ಹತ್ತಿರ ಬಂದ, ಹೊಟ್ಟೆ ಬಿಟ್ಟ, ದಿನಕ್ಕೊಂದು ಕಟ್ಟು ಬೀಡಿ ಸೇದುವ ಮನುಷ್ಯ ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಓಡಲಿ ನೋಡೋಣ. 'ಏನಣ್ಣ, ಬೈಕ್ ಕೆಟ್ಟೋಯ್ತಾ?' 'ಸಾಲ ಕೊಟ್ಟೋರು ಬಂದ್ರಾ?' ಮಾರನೇ ದಿನ ಆತ ಮನೆಯಿಂದ ಹೊರಗೆ ಬರುವುದಿಲ್ಲ. ಹೆಂಗಸರ ಪಾಡನ್ನಂತೂ ಕೇಳುವುದೇ ಬೇಡ.

ಹೊಲದಲ್ಲಿ ದುಡಿಯೋರಿಗೆ ಓಟ ಯಾಕೆ ಅನ್ನುತ್ತಾರೆ. ಒಂದು ಕಾಲಕ್ಕೆ ಅದು ನಿಜವೇ. ಈಗ ಉಳೋಕೆ ಟ್ರ್ಯಾಕ್ಟರ್, ಹೊಲಕ್ಕೆ ಹೋಗೋಕೆ ಬೈಕು. ಮೋಟರ್ ಹಾಕೋಕೂ ಮನೆಯಲ್ಲೇ ಕೂತು ಮೊಬೈಲ್ ಒತ್ತುತ್ತೇವೆ. ಊಟದ ಮುದ್ದೆ ಮಾತ್ರ ಅಂದಿನ ಅಳತೆಯದೇ.

ಇನ್ನೊಂದು ಮಾತಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅಂಗಡಿ ಕಟ್ಟೆಗಳಲ್ಲಿ ಅದು ಗಾದೆಯ ಹಾಗೆ ಆಗಿದೆ: 'ಅಷ್ಟು ಕಸರತ್ತು ಮಾಡಿದೋರೇ ಹೋದ್ರು, ನಮ್ದೇನು ಬಿಡು.' ಹೇಳುವವನ ಬಾಯಲ್ಲಿ ಬೀಡಿ ಉರಿಯುತ್ತಿರುತ್ತದೆ. 2025ರಲ್ಲಿ ಹಾಸನದ ಹೃದಯಾಘಾತಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತರು. ಭಯ ಸುಳ್ಳಲ್ಲ. ಆದರೆ ಆ ಭಯ ನಮ್ಮನ್ನು ತಪಾಸಣೆಗೆ ಕರೆದುಕೊಂಡು ಹೋಗಬೇಕು, ಕಟ್ಟೆ ಮೇಲೆ ಕೂರಿಸಬಾರದು. ಬಿಪಿ, ಶುಗರ್ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ, ದುಡ್ಡಿಲ್ಲ. ಇಸಿಜಿಗೆ ತಾಲ್ಲೂಕು ಆಸ್ಪತ್ರೆ ಇದೆ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಿರುವುದೇ ತಾಲ್ಲೂಕು ಮಟ್ಟದಲ್ಲಿ ಹೃದಯಾಘಾತ ಬೇಗ ಗೊತ್ತಾಗಲಿ ಅಂತ. ತೂಕ ಹೆಚ್ಚಿದ್ದು ಬೀಡಿ, ಸಿಗರೇಟ್ ಸೇದುವವರು ಡಾಕ್ಟರಿಗೆ ತೋರಿಸದೆ ಓಟಕ್ಕೆ ಇಳಿಯಲೇಬಾರದು. ನಡುವೆ ಎದೆ ಹಿಡಿದರೆ, ನೋವು ಎಡಗೈಗೋ ದವಡೆಗೋ ಏರಿದರೆ ಗ್ಯಾಸು ಅಂದುಕೊಂಡು ಸೋಡಾ ಕುಡಿಯುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

'ಮೊದಲು ಬೀಡಿ ಬಿಡ್ತೀನಿ, ಆಮೇಲೆ ಓಡ್ತೀನಿ' ಅನ್ನುವವರ ಜತೆಗೇ ನಮ್ಮ ತಕರಾರು ಇರುವುದು. ಯುಗಾದಿಗೆ ಬಿಡುತ್ತೇನೆ, ಅಯ್ಯಪ್ಪ ಮಾಲೆ ಹಾಕಿದಾಗ ಬಿಡುತ್ತೇನೆ ಅನ್ನುತ್ತಾ ವರ್ಷ ಕಳೆಯುತ್ತದೆ, ಬೀಡಿಯೂ ಹೋಗುವುದಿಲ್ಲ, ಓಟವೂ ಬರುವುದಿಲ್ಲ. ಡಾಕ್ಟರ್ ಆಗಬಹುದು ಅಂದಿದ್ದರೆ ನಾಳೆಯೇ ಶುರು ಮಾಡಿ. ಬೀಡಿ ಬಿಡುವ ಕೆಲಸ ಜತೆಜತೆಗೆ ನಡೆಯಲಿ. ಹಾಗಂತ ಓಡಿದರೆ ಸೇದಿದ್ದು ವಜಾ ಆಗುತ್ತದೆ ಅಂತ ಯಾರೂ ಲೆಕ್ಕ ಹಾಕಬೇಡಿ, ಆಗುವುದಿಲ್ಲ.

ಶುರು ಅಂದರೆ ಓಟವಲ್ಲ, ನಡಿಗೆ. ಮೊದಲ ದಿನವೇ ಪೊಲೀಸ್ ಹುಡುಗರ ಹಿಂದೆ ಬಿದ್ದರೆ ಮಂಡಿ ಹಿಡಿದುಕೊಳ್ಳುತ್ತದೆ. ಅಮೆರಿಕದ ಜೋಶ್ ಕ್ಲಾರ್ಕ್ ಎಂಬಾತ 1996ರಲ್ಲಿ ಸೋಫಾ ಬಿಟ್ಟು ಏಳದವರಿಗಾಗಿಯೇ ಒಂಬತ್ತು ವಾರದ ಪಟ್ಟಿ ಮಾಡಿದ. ಮೊದಲ ವಾರ ಐದು ನಿಮಿಷ ಚುರುಕು ನಡಿಗೆ, ಆಮೇಲೆ ಒಂದು ನಿಮಿಷ ಮೆಲ್ಲಗೆ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ. ತೂಕ ಜಾಸ್ತಿ ಇದ್ದವರು ಆ ಒಂದು ನಿಮಿಷದ ಓಟವನ್ನೂ ತಿಂಗಳಾದ ಮೇಲೆ ಸೇರಿಸಿಕೊಳ್ಳಲಿ, ಏನೂ ಅವಸರವಿಲ್ಲ. ಗಡಿಯಾರ ನೋಡೋಕಾಗದಿದ್ದರೆ ಕರೆಂಟ್ ಕಂಬ ಎಣಿಸಿ: ಒಂದು ಕಂಬದವರೆಗೆ ಓಟ, ಮುಂದಿನ ಎರಡು ಕಂಬ ನಡಿಗೆ. ಓಡುವಾಗ ಪಕ್ಕದವನ ಜತೆ ಮಾತಾಡೋಕೆ ಆಗಬೇಕು. ಆಗದಿದ್ದರೆ ಜೋರಾಯಿತು ಅಂತ ಅರ್ಥ. ಚಪ್ಪಲಿಯಲ್ಲಿ ಬೇಡ, ಶೂ ಇರಲಿ. ಕಾಂಕ್ರೀಟ್ ರಸ್ತೆಗಿಂತ ನಾಲೆ ಏರಿಯ ಮಣ್ಣು ದಾರಿ ಮಂಡಿಗೆ ಹಿತ. ಕೈಯಲ್ಲೊಂದು ಕೋಲಿರಲಿ, ನಮ್ಮೂರ ನಾಯಿಗಳಿಗೆ ನಡೆಯುವವನನ್ನು ಕಂಡರೆ ಸುಮ್ಮನಿರುತ್ತವೆ, ಓಡುವವನನ್ನು ಬಿಡುವುದಿಲ್ಲ.

ಉಸಿರು ಯಾಕೆ ಕಟ್ಟುತ್ತದೆ? ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ಬಂದು ಕೂರುತ್ತದೆ. ಬೀಡಿ ಎಲೆಯದ್ದು, ಸಿಗರೇಟಿಗಿಂತ ವಾಸಿ ಅನ್ನುವವರು ಇದನ್ನು ಕೇಳಿಸಿಕೊಳ್ಳಬೇಕು, ಬೀಡಿ ಹೊಗೆಯಲ್ಲೂ ಆ ವಿಷ ದಂಡಿಯಾಗಿದೆ. ಸೇದುವುದು ನಿಲ್ಲಿಸಿದ 12 ಗಂಟೆಯಲ್ಲಿ ಅದು ರಕ್ತದಿಂದ ಇಳಿದು ಮಾಮೂಲಿಗೆ ಬರುತ್ತದೆ, ಒಂದು ವರ್ಷಕ್ಕೆ ಹೃದಯ ಕಾಯಿಲೆಯ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಡೋಕೆ ಒಬ್ಬರಿಂದ ಆಗದಿದ್ದರೆ 1800 112 356ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಉಳಿದದ್ದು ಜಾಗದ ಮಾತು. ಎಷ್ಟೋ ಊರುಗಳಲ್ಲಿ ಇರುವುದೊಂದೇ ಮೈದಾನ, ಅದು ಶಾಲೆಯದು, ಬೆಳಗಿನ ಹೊತ್ತು ಗೇಟಿಗೆ ಬೀಗ. ಐದೂವರೆಯಿಂದ ಏಳರವರೆಗೆ ಅದನ್ನು ತೆಗೆದಿಡಲು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದನ್ನೂ ಅಲ್ಲೇ ಬರೆಸಿ.